ಹಮಾನೊ ಅಂದೆ, ಅಮಾನೊ ಅಲ್ಲ

ಮೊನ್ನೆ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ತುಮಕೂರಿನ ಕಡೆಯವಳು. ಇಲ್ಲಿ ಕೆನಡಾದಲ್ಲಿ ಕಾಲೇಜು ಓದುತ್ತ, ಥಾರ್ನ್‌ಕ್ಲಿಫ್ ಪಾರ್ಕಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಗೆಳತಿಯರ ಜೊತೆ ಇದ್ದಾಳೆ. "ಅಂಕಲ್, ನೀವು ಮ್ಯಾಚ್ ಡೇಟಾ ಕಂಪನೀಲಿ ಇದ್ರಂತಲ್ಲ? ನಂಗೂ ಅಂಥದೇ ಕಡೆ ಪಾರ್ಟ್‌ಟೈಮ್ ಸಿಕ್ಕಿದೆ. ಸುಮ್ನೆ ಫುಟ್‌ಬಾಲ್ ನೋಡ್ತಾ ಕೂತ್ಕೊಳ್ಳೋದಲ್ವಾ? ಈಸಿ ಅಲ್ವಾ?" ಎಂದಳು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಪಾಪ, ಆ ಮಗುವಿನ ತಪ್ಪೇನೂ ಇಲ್ಲ. ಆದರೂ ಫೋನಿನಲ್ಲಿ ಗಂಟಲು ಏರಿಸಿಬಿಟ್ಟೆ. ಅವಳು ಹೆದರಿ ಇಟ್ಟಳು. ಅವಳಿಗೆ ಹೇಳಬೇಕಾಗಿದ್ದನ್ನು ಈಗ ಸಮಾಧಾನದಿಂದ ಬರೆಯೋಣ ಎಂದು ಕೂತಿದ್ದೇನೆ. ಸಮಾಧಾನ ಎಷ್ಟು ಹೊತ್ತು ಇರುತ್ತದೋ ಗೊತ್ತಿಲ್ಲ.

ನಮ್ಮ ಆಫೀಸು ಮಾರ್ಕಮ್‌ನಲ್ಲಿ, ಹೆದ್ದಾರಿಯ ಪಕ್ಕದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಕೆಳಗೆ ಹಲ್ಲಿನ ಡಾಕ್ಟರು, ಪಕ್ಕದಲ್ಲಿ ಬಬಲ್ ಟೀ ಅಂಗಡಿ. ಬೇರೆಬೇರೆ ದೇಶಗಳ ಪಂದ್ಯಗಳನ್ನು ಪರದೆಯ ಮೇಲೆ ನೋಡಿ, ಚೆಂಡು ಯಾರ ಕಾಲಿಗೆ ಬಂತು, ಯಾರಿಗೆ ಕೊಟ್ಟ, ಯಾರು ಕಿತ್ತುಕೊಂಡ, ಎಲ್ಲಿ ತಪ್ಪಿದ ಎಂದು ಒಂದೊಂದನ್ನೂ ದಾಖಲಿಸಿ ಮಾರುವುದು ಕಂಪನಿಯ ವ್ಯಾಪಾರ. ಕೊಳ್ಳುವವರು ಟಿವಿಯವರು, ಪತ್ರಿಕೆಯವರು, ಮುಖ್ಯವಾಗಿ ಆಯಾ ಕ್ಲಬ್ಬುಗಳೇ. ನನ್ನ ಪಾಲಿಗೆ ಬಂದದ್ದು ಜಪಾನಿನ ಎರಡನೆಯ ದರ್ಜೆಯ ಲೀಗು. ಅಲ್ಲಿ ಸಂಜೆ ದೀಪ ಹಾಕಿ ಆಟ ಶುರು ಮಾಡಿದರೆ ನಮಗಿಲ್ಲಿ ಆಗತಾನೇ ಬೆಳಗಾಗುತ್ತಿರುತ್ತದೆ. ನ್ಯೂಮಾರ್ಕೆಟಿನ ಮನೆಯಿಂದ ಹೊರಟು, ಇನ್ನೂ ಟ್ರಾಫಿಕ್ ಹುಟ್ಟದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬಂದು ಹೆಡ್‌ಸೆಟ್ ಹಾಕಿಕೊಳ್ಳುವುದು. ಅಲ್ಲಿಯವರ ಊಟದ ಹೊತ್ತಿಗೆ ಮುಗಿಯುವ ಆಟ ನಮ್ಮ ತಿಂಡಿಯ ಹೊತ್ತಿಗೆ ಮುಗಿಯುತ್ತಿತ್ತು.

ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಕೂಗುವವನು, ಒಬ್ಬ ಒತ್ತುವವನು. ಕೂಗುವವನ ಕಣ್ಣು ಆಟದ ಮೇಲೆ. ಅವನು ಕಂಡದ್ದನ್ನು ಕಂಡ ಹಾಗೆ ಕೂಗುತ್ತಾನೆ. ಒತ್ತುವವನ ಎದುರಿಗೆ ಆಟವೇ ಇರುವುದಿಲ್ಲ, ಆಟಗಾರರ ಹೆಸರಿನ ಗುಂಡಿಗಳ ಪರದೆ ಇರುತ್ತದೆ. ಕಿವಿಗೆ ಬಿದ್ದದ್ದನ್ನು ಒತ್ತುತ್ತ ಹೋಗಬೇಕು. ಕತ್ತೆತ್ತಿ ಆಟ ನೋಡಿದನೋ, ಮೂರು ಪಾಸು ಕೈಬಿಟ್ಟಿತು ಎಂದೇ ಲೆಕ್ಕ. ನಮ್ಮ ಕೋಣೆಯವರೆಲ್ಲ ಕನ್ನಡದವರೇ ಆದ್ದರಿಂದ ನಾವು ಕನ್ನಡದಲ್ಲೇ ಕೂಗುತ್ತಿದ್ದೆವು. "ಪಾಸು, ಎಡಕ್ಕೆ, ಕಿತ್ತ, ಮುಂದಕ್ಕೆ, ಹೋಯ್ತು." ಆ ವೇಗದಲ್ಲಿ ಬೇರೆ ಯಾವ ಭಾಷೆಯೂ ನಾಲಿಗೆಗೆ ಬರುವುದಿಲ್ಲ.

ನಾನು ಕೂಗುವವನು. ಮಂಡ್ಯದ ಹತ್ತಿರದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಇಲ್ಲಿಗೆ ಬಂದ ಮೇಲೆ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೆ. ಒಂದು ಬೇಸಿಗೆ ಕನ್ನಡದವರ ಪಿಕ್ನಿಕ್ಕಿನಲ್ಲಿ ಮೈಕು ಹಿಡಿದು ಕಬಡ್ಡಿಗೆ ಕಾಮೆಂಟರಿ ಹೇಳಿದೆ. ಅದನ್ನು ಕೇಳಿದ ರಘುನಂದನ್ ಎಂಬವರು ಬಂದು ಕೈ ಕುಲುಕಿ, "ಗೌಡ್ರೇ, ಉಸಿರೇ ತಗೊಳ್ದೆ ಹದಿನಾಲ್ಕು ಜನದ ಹೆಸರು ಹೇಳ್ತೀರಲ್ರೀ! ನನ್ನ ಕಂಪನಿಗೆ ಬನ್ನಿ" ಎಂದರು. ಮೈಸೂರಿನವರು, ಸಾಫ್ಟ್‌ವೇರಿನಲ್ಲಿ ಬಹಳ ವರ್ಷ ಇದ್ದು ಸ್ವಂತ ಕಂಪನಿ ಮಾಡಿದವರು, ನನಗಿಂತ ವಯಸ್ಸಿನಲ್ಲಿ ಚಿಕ್ಕವರು. ನನ್ನ ಹೆಸರು ಹೊನ್ನೇಗೌಡ. ಕೆಲಸಕ್ಕೆ ಸೇರಿದ ದಿನವೇ ಎಲ್ಲರೆದುರು "ಬನ್ನಿ ಬನ್ನಿ, ಒನ್ನೇಗೌಡ್ರು ಬಂದ್ರು" ಎಂದು ನಕ್ಕರು. ನಾನೂ ನಕ್ಕೆ. ನಮ್ಮ ಸೀಮೆಯಲ್ಲಿ ಹಾಲಿಗೆ ಆಲು, ಹಸುವಿಗೆ ಅಸು. ನಮ್ಮವ್ವ ಸಾಯುವವರೆಗೂ ನನ್ನನ್ನು ಒನ್ನ ಎಂದೇ ಕರೆದಳು. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ ಎಂದು ಅವತ್ತು ಅಂದುಕೊಂಡಿದ್ದೆ.

ಆಮೇಲೆ ನನ್ನನ್ನು ಶಿಫ್ಟ್ ಲೀಡ್ ಮಾಡಿದರು. ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಕಾಫಿ ಮೆಷೀನು ಕೆಟ್ಟರೆ ನನ್ನನ್ನು ಕೇಳುತ್ತಿದ್ದರು, ಅಷ್ಟೇ.

ಈ ರಘುನಂದನ್ ಎಂಥವರು ಎಂಬುದು ನನಗೆ ಗೊತ್ತಾದದ್ದು ಒಂದು ಮಂಜಿನ ಪಂದ್ಯದಲ್ಲಿ. ಸಮುದ್ರದ ಪಕ್ಕದ ಯಾವುದೋ ಮೈದಾನ. ಆಟ ನಡೆಯುತ್ತಿದ್ದಂತೆ ಮಂಜು ಇಳಿದು ಪರದೆಯೆಲ್ಲ ಬೆಳ್ಳಗಾಯಿತು. ಚೆಂಡಿರಲಿ, ಗೋಲಿನ ಕಂಬವೇ ಕಾಣದು. ನಾನು "ಕಾಣಲಿಲ್ಲ, ಕಾಣಲಿಲ್ಲ" ಎಂದು ಕೂಗುತ್ತ ಹೋದೆ. ಅದಕ್ಕೂ ಒಂದು ಗುಂಡಿಯಿತ್ತು. ಹಿಂದಿನಿಂದ ರಘುನಂದನ್ ಬಂದು ಹೆಗಲ ಮೇಲೆ ಕೈ ಇಟ್ಟರು.

"ಅಂದಾಜಲ್ಲಿ ಹೇಳಿ ಗೌಡ್ರೇ."

"ಕಾಣ್ದೆ ಎಂಗೆ ಏಳ್ಳಿ ಸಾರ್?"

"ನೋಡಿ, ಬ್ಲಾಂಕ್ ಬಿಟ್ರೆ ಕ್ಲೈಂಟ್ ಫೋನ್ ಮಾಡ್ತಾರೆ. ತಪ್ಪು ಹಾಕಿದ್ರೆ ಯಾರೂ ಮಾಡಲ್ಲ."

ಮಕ್ಕಳೇ, ಈ ಕೆಲಸಕ್ಕೆ ಸೇರುವವರು ಈ ಮಾತನ್ನು ಒಂದು ಸಲ ಓದಿ ಮುಂದೆ ಹೋಗಬೇಡಿ. ನಿಮ್ಮ ಮೇಲಿನವರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ, ನಯವಾಗಿ ಹೇಳುತ್ತಾರೆ, ಪಿಜ್ಜಾ ತರಿಸಿ ಹೇಳುತ್ತಾರೆ. ಮಾತು ಮಾತ್ರ ಇದೇ.

ನನ್ನ ಜೋಡಿ ವಿದ್ಯಾ. ಧಾರವಾಡದವಳು, ನಲವತ್ತರ ಆಸುಪಾಸು, ಗಂಡನಿಗೆ ಮಾರ್ಕಮ್‌ನಲ್ಲೇ ಇಂಜಿನಿಯರ್ ಕೆಲಸ. ಕೈ ಬಹಳ ಚುರುಕು. ಮನಸ್ಸೂ ಒಳ್ಳೆಯದು, ನನ್ನನ್ನು ಅಣ್ಣಾರ ಎನ್ನುತ್ತಿದ್ದಳು, ವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ತಂದುಕೊಡುತ್ತಿದ್ದಳು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಅವಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಾನು ಹೇಳಬೇಕಾದದ್ದು ನನ್ನ ಕೊನೆಯ ಸೀಸನ್ನಿನ ವಿಷಯ. ಆಗ ಅಲ್ಲಿ ಲೀಗು ಫೆಬ್ರವರಿಯಲ್ಲಿ ಶುರುವಾಗಿ ನವೆಂಬರಿನಲ್ಲಿ ಮುಗಿಯುತ್ತಿತ್ತು. ಮೇಲಿನ ಎರಡು ತಂಡಗಳು ನೇರವಾಗಿ ಮೊದಲ ದರ್ಜೆಗೆ ಹೋಗುತ್ತವೆ. ನಂತರದ ನಾಲ್ಕು ತಂಡಗಳು ತಮ್ಮತಮ್ಮಲ್ಲಿ ಆಡಿ ಇನ್ನೊಂದು ಜಾಗಕ್ಕೆ ಹೊಡೆದಾಡುತ್ತವೆ. ನಮ್ಮ ಪಾಲಿಗೆ ಬಂದಿದ್ದ ತಂಡ ಸಮುದ್ರ ದಂಡೆಯ ಒಂದು ಸಣ್ಣ ಊರಿನದು. ಹಸಿರು ಬಿಳಿ ಪಟ್ಟೆಯ ಅಂಗಿ. ಆ ಪಟ್ಟೆಯ ಮೇಲೆ ನಂಬರು ಬರೆದರೆ ದೇವರಿಗೂ ಕಾಣುವುದಿಲ್ಲ. ಹಾಗಾಗಿ ಆಟಗಾರರನ್ನು ನಡಿಗೆಯಿಂದ, ತಲೆಗೂದಲಿನಿಂದ, ಬೂಟಿನಿಂದ ಗುರುತು ಹಿಡಿದು ಹೆಸರು ಕೂಗಬೇಕಾಗಿತ್ತು.

ಅವರಲ್ಲಿ ಒಬ್ಬ ಹಮಾನೊ. ಮೂವತ್ತು ದಾಟಿ ನಾಲ್ಕೈದು ವರ್ಷವಾಗಿತ್ತು. ಆ ಆಟದಲ್ಲಿ ಅದು ಮುದಿ ವಯಸ್ಸು. ನೆತ್ತಿಯ ಕೂದಲು ತೆಳ್ಳಗಾಗಿತ್ತು, ಎಡ ಮಂಡಿಗೆ ಯಾವಾಗಲೂ ಪಟ್ಟಿ. ನಡುಮೈದಾನದಲ್ಲಿ ನಿಂತು ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ಪಕ್ಕದವನಿಗೆ ಕೊಡುವುದು ಅವನ ಕೆಲಸ. ಗೋಲು ಹೊಡೆಯುವವನಲ್ಲ. ಟಿವಿಯವರು ಅವನ ಮುಖವನ್ನು ಹತ್ತಿರದಿಂದ ತೋರಿಸಿದ್ದನ್ನು ನಾನು ನೋಡಿಯೇ ಇಲ್ಲ. ಆದರೆ ಆಟ ಕೂಗುವವನಿಗೆ ಗೊತ್ತು, ಯಾರ ಹೆಸರನ್ನು ಎಷ್ಟು ಸಲ ಕೂಗಿದೆ ಅಂತ. ಎದುರಾಳಿ ನುಗ್ಗಿ ಬಂದಾಗಲೆಲ್ಲ ನನ್ನ ಬಾಯಲ್ಲಿ ಬರುತ್ತಿದ್ದದ್ದು ಅವನ ಹೆಸರೇ.

ಇನ್ನೊಬ್ಬ ಅಮಾನೊ. ಇಪ್ಪತ್ತೆರಡರ ಹುಡುಗ, ಕಿತ್ತಳೆ ಬಣ್ಣದ ಬೂಟು, ಕಾಲಿನಲ್ಲಿ ಜಾದೂ. ಚೆಂಡು ಅವನ ಕಾಲಿಗೆ ಸಿಕ್ಕರೆ ನೋಡುವುದಕ್ಕೇ ಚೆಂದ. ಆದರೆ ಎದುರಾಳಿ ಮೈಮೇಲೆ ಬಂದರೆ, ರಸ್ತೆಯ ಕೊಚ್ಚೆ ನೀರು ಸಿಡಿದವರ ಹಾಗೆ ಪಕ್ಕಕ್ಕೆ ಹಾರಿಬಿಡುತ್ತಿದ್ದ. ಗಾಯವಾಗಿ ಅವನು ಮೊದಲ ಮೂರು ತಿಂಗಳು ಆಡಲಿಲ್ಲ, ಮೇ ತಿಂಗಳಲ್ಲಿ ಬರುವವನಿದ್ದ.

ಸೀಸನ್ ಶುರುವಾದಾಗ ಹಮಾನೊ ಒಬ್ಬನೇ ಆಡುತ್ತಿದ್ದ. ನನ್ನ ಬಾಯಲ್ಲಿ ಅವನು ಅಮಾನೊ. "ಅಮಾನೊ ಕಿತ್ತ, ಅಮಾನೊ ಪಾಸು." ವಿದ್ಯಾ ಅದನ್ನು ಹಮಾನೊ ಎಂದು ಸರಿಯಾಗಿಯೇ ಒತ್ತುತ್ತಿದ್ದಳು. ತೊಂದರೆ ಏನೂ ಇರಲಿಲ್ಲ. ಆದರೆ ತಂಡದ ಪಟ್ಟಿಯಲ್ಲಿ ಇನ್ನೊಂದು ಹೆಸರು ನೋಡಿ ನನಗೆ ದಿಗಿಲಾಯಿತು. ಮಾರ್ಚಿನಲ್ಲೇ ಹೋಗಿ ರಘುನಂದನ್ ಅವರಿಗೆ ಹೇಳಿದೆ. "ಸಾರ್, ಇಬ್ರೂ ಒಟ್ಟಿಗೆ ಆಡೋಕ್ ಬಂದ್ರೆ ಗೋಜಲಾಯ್ತದೆ. ಇವರಿಬ್ಬರಿಗೆ ಮಾತ್ರ ನಂಬರು ಕೂಗ್ತೀನಿ, ಗುಂಡಿ ಮೇಲೆ ನಂಬರು ಆಕ್ಸಿ."

ಅವರು ಕುರ್ಚಿಯಲ್ಲಿ ಒರಗಿ ನಕ್ಕರು. "ಇಬ್ಬರಿಗೋಸ್ಕರ ಸಿಸ್ಟಮ್ ಚೇಂಜ್ ಮಾಡ್ಬೇಕಾ? ಅದಕ್ಕಿಂತ ನೀವೇ 'ಹ' ಕಲ್ತುಬಿಡಿ ಗೌಡ್ರೇ. ಎಷ್ಟು ದಿನ ಅಂತ ಅಸು, ಆಲು ಅಂತೀರಾ? ಕೆನಡಾಗೆ ಬಂದಿದೀರಿ!" ಪಕ್ಕದ ಮೇಜಿನವರೂ ನಕ್ಕರು.

ಈ ಸಲ ನಾನು ನಗಲಿಲ್ಲ. ಕಲಿತೇಬಿಡುತ್ತೇನೆ ಎಂದುಕೊಂಡೆ. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದನೆಯ ತರಗತಿಯ ಹುಡುಗನ ಹಾಗೆ ಒಂದು ಅಕ್ಷರ ಕಲಿಯಲು ಕೂತೆ. ಕಾರಿನಲ್ಲಿ ಹೋಗುತ್ತ ಬರುತ್ತ ಹಮಾನೊ, ಹಮಾನೊ, ಹಮಾನೊ. ಅಂಗೈಯನ್ನು ಬಾಯಿಯ ಎದುರು ಹಿಡಿದು ಉಸಿರು ತಾಗುತ್ತದೋ ಇಲ್ಲವೋ ನೋಡುವುದು. ತಾಗಿದರೆ ಹ, ತಾಗದಿದ್ದರೆ ಅ. ನನ್ನ ಹೆಂಡತಿ ಜಯಲಕ್ಷ್ಮಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಬೆಳಗ್ಗೆ ಅವಳನ್ನು ಬಿಡಲು ಹೋಗುವಾಗ ಕೇಳಿದಳು.

"ಏನ್ ಬಂತೂರಿ ನಿಮ್ಗೆ? ಸ್ಟೇರಿಂಗ್ ಇಡ್ಕೊಂಡು ಉಸ್ ಉಸ್ ಅಂತಿದ್ದೀರಲ್ಲ. ಬಿಪಿ ನೋಡುಸ್ಬೇಕಾ?"

"ಒಬ್ಬನ ಎಸ್ರು ಕಲೀತಾ ಇವ್ನಿ ಕಣೆ."

"ಯಾರ್ದು?"

"ಜಪಾನಿನವ್ನು. ಹ-ಮಾನೊ."

ಅವಳು ಕಾರಿನ ಬಾಗಿಲು ತೆಗೆದಳು. "ಮದ್ವೆಯಾಗಿ ಇಷ್ಟ್ ವರ್ಸ ಆಯ್ತು. ನಮ್ಮಪ್ಪನ ಎಸ್ರು ಹನುಮಂತಪ್ಪ ಅಂತ ಒಂದ್ ದಿನ ಸರ್ಯಾಗಿ ಅಂದಿದ್ದೀರಾ? ಜಪಾನಿನವ್ನಿಗೆ ಬಂದ್ಬುಡ್ತು ಹಾ!" ಎಂದು ಇಳಿದು ಹೋದಳು. ಆದರೂ ಮರುದಿನದಿಂದ ಅವಳೇ ನನಗೆ ಪಾಠ ಹೇಳಿಸಿದಳು. ಊಟದ ತಟ್ಟೆಯ ಮುಂದೆ ಒಂದು ಪೇಪರ್ ನ್ಯಾಪ್‌ಕಿನ್ ಹಿಡಿದು, ಅದು ಅಲುಗಿದರೆ ಮಾತ್ರ ಸಾರು ಬಡಿಸುತ್ತಿದ್ದಳು.

ಏಪ್ರಿಲ್ ಮುಗಿಯುವಷ್ಟರಲ್ಲಿ ನನಗೆ ಹಮಾನೊ ಬಂತು. ಉಳಿದ ಹಕಾರಗಳು ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಒಂದು ಹೆಸರು ಮಾತ್ರ ಎಂಥ ಓಟದಲ್ಲೂ ತಪ್ಪದಂತೆ ನಾಲಿಗೆಗೆ ಕೂತಿತು. ಪಂದ್ಯದಲ್ಲಿ ಅದನ್ನು ಮೊದಲ ಸಲ ಕೂಗಿದ್ದು ಮೇ ತಿಂಗಳಲ್ಲಿ, ಇಬ್ಬರೂ ಒಟ್ಟಿಗೆ ಆಡಿದ ದಿನ. "ಹಮಾನೊ ಕಿತ್ತ, ಪಾಸು, ಅಮಾನೊ, ಮುಂದಕ್ಕೆ." ಒಂದೂ ತಪ್ಪಲಿಲ್ಲ. ಆಟ ಮುಗಿದಾಗ ನನ್ನಷ್ಟಕ್ಕೆ ನಾನೇ ಹೆಮ್ಮೆಪಟ್ಟುಕೊಂಡೆ. ಬಾಗಿಲಲ್ಲಿ ಸಿಕ್ಕ ರಘುನಂದನ್ "ಏನು, ಒನ್ನೇಗೌಡ್ರು ಖುಷಿಯಾಗಿದ್ದಾರೆ" ಎಂದರು. ನಾನು ಕಾರು ಹತ್ತಿ ಮನೆಗೆ ಹೋದೆ.

ಬೇಸಿಗೆಯೆಲ್ಲ ಹಾಗೇ ನಡೆಯಿತು. ನಮ್ಮ ಹಸಿರು ತಂಡ ಮೇಲೆ ಮೇಲೆ ಏರಿತು. ಆಗಸ್ಟ್ ಕೊನೆಗೆ ನಾಲ್ಕನೆಯ ಜಾಗ. ಕೂಗುವವನು ಯಾವ ತಂಡದ ಕಡೆಗೂ ವಾಲಬಾರದು ಎಂಬುದು ನಿಯಮ. ನಾನು ವಾಲಿದ್ದೆ, ಅದನ್ನು ಮುಚ್ಚಿಡುವುದೇಕೆ? ಆ ಪಟ್ಟಿ ಕಟ್ಟಿದ ಮಂಡಿಯವನು ಒಂದೇ ಒಂದು ಸಲ ಮೊದಲ ದರ್ಜೆಯಲ್ಲಿ ಆಡಿ ಬೂಟು ಬಿಚ್ಚಲಿ ಎಂದು ನನಗೆ ಆಸೆಯಿತ್ತು. ಅವನು ಒಂದು ಸಲವೂ ಅಲ್ಲಿ ಆಡಿರಲಿಲ್ಲ. ಅವನ ಒಪ್ಪಂದ ಆ ವರ್ಷಕ್ಕೆ ಮುಗಿಯುತ್ತದೆ ಎಂದು ಕಾಮೆಂಟರಿಯವರು ಹೇಳುತ್ತಿದ್ದರಂತೆ. ಜಪಾನಿನ ಕ್ಲೈಂಟಿನ ಕಡೆಯ ಮೋರಿ ಎಂಬ ಹೆಂಗಸು ಒಮ್ಮೆ ಆಫೀಸಿಗೆ ಬಂದಿದ್ದಾಗ ನನಗೆ ಇದನ್ನು ಹೇಳಿದ್ದರು.

ಸೆಪ್ಟೆಂಬರಿನ ಒಂದು ಬೆಳಗ್ಗೆ ಚಹಾ ಮಾಡಿಕೊಳ್ಳಲು ಆಫೀಸಿನ ಅಡುಗೆ ಮೂಲೆಗೆ ಹೋದೆ. ಅಲ್ಲಿನ ಗೋಡೆಯ ಟಿವಿಯಲ್ಲಿ ರಘುನಂದನ್ ನಮ್ಮ ಲೀಗುಗಳ ಅಂಕಿಅಂಶವನ್ನು ಬಣ್ಣಬಣ್ಣವಾಗಿ ಓಡಿಸುತ್ತಿದ್ದರು. ಬಂದ ಅತಿಥಿಗಳು ನೋಡಲಿ ಅಂತ. ಅದರಲ್ಲಿ ಬೇಸಿಗೆಯ ಪಂದ್ಯಗಳ ಒಂದು ಪಟ್ಟಿ ಬಂತು: ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳುವುದರಲ್ಲಿ ಲೀಗಿಗೇ ಮೊದಲು, ಅಮಾನೊ. ಕೆಳಗಿನಿಂದ ಹುಡುಕಿದರೆ ಎಲ್ಲೋ ತಳದಲ್ಲಿ, ಹಮಾನೊ.

ಚಹಾವನ್ನು ಅಲ್ಲೇ ಬಿಟ್ಟೆ. ಅಮಾನೊ ಚೆಂಡು ಕಿತ್ತುಕೊಳ್ಳುವುದಾ? ಆ ಹುಡುಗ ಹುಟ್ಟಿದಾಗಿನಿಂದ ಯಾರ ಕೈಯಿಂದಲೂ ಒಂದು ಬಿಸ್ಕತ್ತೂ ಕಿತ್ತುಕೊಂಡಿರಲಾರ! ನೇರವಾಗಿ ವಿದ್ಯಾಳ ಹತ್ತಿರ ಹೋದೆ.

"ನಾನು ಹಮಾನೊ ಅಂದ್ರೆ ನೀನು ಯಾವ್ದು ಒತ್ತೀಯ ಕಣವ್ವ?"

"ಅಮಾನೊ ಒತ್ತತೀನ್ರಿ."

"ಯಾಕೆ?"

ಅವಳು ಗಾಬರಿಯಾಗಿ, ಆದರೆ ಇನ್ನೂ ನಗುತ್ತಲೇ ಹೇಳಿದಳು. "ನೀವು ಮೊದಲಿಂದ ಹಮಾನೊಗ ಅಮಾನೊ ಅಂತಿದ್ರಲ್ರಿ ಅಣ್ಣಾರ. ಆ ಹೊಸಾ ಹುಡುಗ ಬಂದ ಮ್ಯಾಲೆ ಒಮ್ಮೊಮ್ಮೆ ಹಮಾನೊ ಅನ್ಲಿಕತ್ರಿ. ನಿಮ್ಮ ಕಡೆ ಮಂದಿ ಹ ಇದ್ದಲ್ಲೆ ಬಿಡ್ತಾರ, ಇಲ್ಲದಲ್ಲೆ ಹಚ್ಚತಾರ, ಅದು ನನಗ ಗೊತ್ತದ. ಅದಕ್ಕ ಉಲ್ಟಾ ಮಾಡಿ ಒತ್ತೀನ್ರಿ. ನಿಮಗ ಬೇಜಾರ ಆಗಬಾರದಂತ ಕೇಳಲಿಲ್ಲ."

ನನಗೆ ಬೇಜಾರಾಗಬಾರದು ಅಂತ! ಅಂದರೆ ಮೇ ತಿಂಗಳಿಂದ ಆ ಮುದಿ ಆಟಗಾರ ಮಂಡಿ ಸವೆಸಿ ಕಿತ್ತ ಚೆಂಡುಗಳೆಲ್ಲ ಕಿತ್ತಳೆ ಬೂಟಿನವನ ಲೆಕ್ಕಕ್ಕೆ. ಆ ಹುಡುಗ ಪಕ್ಕಕ್ಕೆ ಹಾರಿ ಕಳೆದದ್ದೆಲ್ಲ ಹಮಾನೊನ ತಲೆಗೆ. ನಾನು ಆಫೀಸಿನಲ್ಲಿ ಅಷ್ಟು ಜೋರಾಗಿ ಕೂಗಾಡಿದ್ದು ಅದೇ ಮೊದಲು. ವಿದ್ಯಾ ಅತ್ತಳು. ನನಗೆ ಕನಿಕರ ಬರಲಿಲ್ಲ. ತಂಡದ ಒಟ್ಟು ಲೆಕ್ಕ ಸರಿಯಾಗೇ ಇದ್ದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ರಘುನಂದನ್ ನೋಡುತ್ತಿದ್ದದ್ದು ಒಟ್ಟು ಲೆಕ್ಕ ಮಾತ್ರ.

ಆ ಕ್ಷಣವೇ ಅವರ ಕೋಣೆಗೆ ಹೋದೆ. ಎಲ್ಲ ಕೇಳಿಸಿಕೊಂಡು ಅವರು ಬಾಗಿಲು ಹಾಕಿದರು.

"ಗೌಡ್ರೇ, ಕೂಲ್ ಆಗಿ. ಎಷ್ಟು ಜನಕ್ಕೆ ಗೊತ್ತು?"

"ಯಾರಿಗ್ ಗೊತ್ತಾದ್ರೇನು ಸಾರ್? ಇವತ್ತೇ ತಿದ್ಸಿ. ಒಬ್ಬನ ಬಾಳು ಅದು. ಒಪ್ಪಂದ ಮುಗಿಯೋ ವರ್ಸ ಅವ್ನಿಗೆ."

"ತಿದ್ದಿದ್ರೆ ಏನಾಗುತ್ತೆ ಗೊತ್ತಾ? ನಾಲ್ಕು ತಿಂಗಳು ರಾಂಗ್ ಡೇಟಾ ಕೊಟ್ವಿ ಅಂತ ನಾವೇ ಬರ್ಕೊಟ್ಟ ಹಾಗೆ. ನವೆಂಬರಲ್ಲಿ ಕಾಂಟ್ರ್ಯಾಕ್ಟ್ ರಿನ್ಯೂವಲ್ ಇದೆ. ಅದಾಗಲಿ, ಆಮೇಲೆ ಸೈಲೆಂಟಾಗಿ ಸರಿ ಮಾಡೋಣ. ಅಷ್ಟಕ್ಕೂ ಸೆಕೆಂಡ್ ಡಿವಿಷನ್ ರೀ ಇದು. ಅಲ್ಲಿನ ಮುದಿಯನ ಬಗ್ಗೆ ಯಾರು ತಲೆ ಕೆಡಿಸ್ಕೊಳ್ತಾರೆ?"

"ಕೋಚು ಕೆಡುಸ್ಕೊಳ್ತಾನೆ ಸಾರ್! ನಾವ್ ಕೊಟ್ಟಿದ್ ನೋಡ್ಕೊಂಡ್ ಟೀಮ್ ಮಾಡ್ತಾನೆ!"

"ಕೋಚ್‌ಗೆ ಕಣ್ಣಿಲ್ವಾ? ಹೋಗಿ ಗೌಡ್ರೇ. ಮತ್ತೆ, ಮಿಸ್ಟೇಕ್ ಶುರುವಾಗಿದ್ದು ಎಲ್ಲಿಂದ ಅಂತ ನೀವೂ ಯೋಚ್ನೆ ಮಾಡಿ." ನಿಮ್ಮ ಬಾಯಿಂದಲೇ ಎನ್ನುವಂತೆ ತಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಅವತ್ತಿನಿಂದ ಮುಂದಿನ ಪಂದ್ಯಗಳಿಗೆ ಗುಂಡಿಯ ಮೇಲೆ ನಂಬರು ಬಂತು. ಮಾರ್ಚಿನಲ್ಲಿ ನಾನು ಕೇಳಿದ್ದ ನಂಬರು! ಒಂದು ಮಧ್ಯಾಹ್ನದ ಕೆಲಸವಾಗಿತ್ತು ಅದು. ಹಳೆಯ ಪಂದ್ಯಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಕೋಚಿಗೆ ಕಣ್ಣಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಬೇಸಿಗೆಯಲ್ಲಿ ಬಂದ ಹೊಸ ಕೋಚು. ನಮ್ಮ ಅಂಕಿಯಿಂದಲೇ ಎಲ್ಲವೂ ಆಯಿತು ಎಂದು ಆಣೆಯಿಟ್ಟು ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ. ಅಕ್ಟೋಬರ್ ಶುರುವಿನಲ್ಲಿ ಹಮಾನೊನನ್ನು ಬೆಂಚಿಗೆ ಕೂರಿಸಿ, ಅವನ ಜಾಗದಲ್ಲಿ, ಚೆಂಡು ಕೀಳುವ ಕೆಲಸಕ್ಕೆ, ಅಮಾನೊನನ್ನು ನಿಲ್ಲಿಸಿದರು. ಎದುರಾಳಿಗಳು ನಡುಮೈದಾನದಲ್ಲಿ ಮದುವೆ ದಿಬ್ಬಣದ ಹಾಗೆ ನಡೆದು ಬಂದರು. ಅಮಾನೊನ ನಂಬರು ಹದಿನೇಳು, ನಾನು ಆ ನಂಬರಿನಲ್ಲೇ ಇದನ್ನೆಲ್ಲ ಕೂಗಬೇಕು. "ಹದಿನೇಳು, ತಪ್ಪಿಸಿಕೊಂಡ. ಹದಿನೇಳು, ಬಿಟ್ಟ. ಗೋಲು." ಪಂದ್ಯದ ಮೇಲೆ ಪಂದ್ಯ ಸೋತರು. ಆ ಹುಡುಗನ ಮೇಲೂ ನನಗೆ ಮರುಕ ಬಂತು. ಅವನಿಗೆ ಬಾರದ ಕೆಲಸ ಕೊಟ್ಟು ಅವನನ್ನೂ ಹಾಳು ಮಾಡುತ್ತಿದ್ದರು. ತಂಡ ನಾಲ್ಕರಿಂದ ಜಾರಿ ಒಂಬತ್ತಕ್ಕೆ ಇಳಿಯಿತು. ಮೊದಲ ದರ್ಜೆಯ ಆಸೆ ಅಲ್ಲಿಗೆ ಮುಗಿಯಿತು. ಕ್ಯಾಮೆರಾ ಒಂದೊಂದು ಸಲ ಬೆಂಚಿನ ಕಡೆ ತಿರುಗಿದಾಗ, ಮಂಡಿಯ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದ ಹಮಾನೊ ಕಾಣುತ್ತಿದ್ದ. ಬೆಂಚಿನಲ್ಲಿ ಕೂತವನಿಗೆ ಗುಂಡಿ ಇರುವುದಿಲ್ಲ.

ಕ್ಲೈಂಟಿನ ಜೊತೆ ವಾರಕ್ಕೊಮ್ಮೆ ವಿಡಿಯೋ ಮಾತುಕತೆ ಇರುತ್ತಿತ್ತು. ನನ್ನನ್ನೂ ಕೂರಿಸಿಕೊಳ್ಳಿ ಎಂದು ಎರಡು ಸಲ ಕೇಳಿದೆ. ರಘುನಂದನ್ ಆಗದು ಎಂದರು. ನವೆಂಬರಿನಲ್ಲಿ, ಕೊನೆಯ ಪಂದ್ಯಕ್ಕೆ ಒಂದು ವಾರ ಇರುವಾಗ, ಕ್ಲಬ್ಬು ಪ್ರಕಟಣೆ ಹೊರಡಿಸಿತು: ಮುಂದಿನ ವರ್ಷ ಹಮಾನೊ ನಮ್ಮ ಜೊತೆ ಇರುವುದಿಲ್ಲ. ಆವತ್ತು ಮಾತುಕತೆ ನಡೆಯುತ್ತಿದ್ದ ಕೋಣೆಯ ಬಾಗಿಲನ್ನು ನಾನು ತಟ್ಟಲಿಲ್ಲ. ತಳ್ಳಿಕೊಂಡು ಒಳಗೆ ಹೋದೆ. ನನ್ನ ಹಿಂದೆ ವಿದ್ಯಾಳೂ ಬಂದಳು. ಪರದೆಯ ಮೇಲೆ ಮೋರಿಯವರಿದ್ದರು. ನನ್ನ ಹರಕು ಇಂಗ್ಲಿಷಿನಲ್ಲಿ, ಇಬ್ಬರ ಲೆಕ್ಕ ಅದಲುಬದಲಾಗಿದೆ ಎಂದು ಹೇಳಿಬಿಟ್ಟೆ.

ಮೋರಿಯವರ ಮುಖ ಗಂಭೀರವಾಯಿತು. ಹೇಗಾಯಿತು ಎಂದು ಕೇಳಿದರು. ರಘುನಂದನ್ ಕ್ಷಣವೂ ತಡವರಿಸಲಿಲ್ಲ. ನಮ್ಮ ಈ ಹಿರಿಯ ಸಹೋದ್ಯೋಗಿಗೆ ಉಚ್ಚಾರಣೆಯ ಸಮಸ್ಯೆಯಿದೆ, ಹ ಎಂಬ ಅಕ್ಷರ ಬರುವುದಿಲ್ಲ, ಹಳ್ಳಿಯ ಕಡೆಯವರು, ನೀವೇ ಕೇಳಿ, ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಕೂಗೆಲ್ಲ ರೆಕಾರ್ಡ್ ಆಗುತ್ತಿತ್ತು. ಮೇ ತಿಂಗಳ ಮೊದಲ ಪಂದ್ಯದ ರೆಕಾರ್ಡನ್ನು ಹಾಕಿದರು. ನನ್ನ ಮಾನ ಕಳೆಯಲು ಅವರೇ, ಅವರ ಕೈಯಿಂದಲೇ ಹಾಕಿದರು.

ಕೋಣೆಯ ತುಂಬ ನನ್ನ ದನಿ ಬಂತು. "ಹಮಾನೊ ಕಿತ್ತ, ಪಾಸು, ಅಮಾನೊ, ಮುಂದಕ್ಕೆ. ಹಮಾನೊ ಕಿತ್ತ. ಹಮಾನೊ ಕಿತ್ತ."

ಮೋರಿಯವರಿಗೆ ಕನ್ನಡ ಬಾರದು. ಅವರು ತಲೆ ಓರೆ ಮಾಡಿ ಕೇಳಿ, "ಹಮಾನೊ. ವೆರಿ ಕ್ಲಿಯರ್" ಎಂದರು.

ರಘುನಂದನ್ ನನ್ನ ಕಡೆ ತಿರುಗಿ, ಮೋರಿಯವರಿಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ, ಹಲ್ಲು ಕಚ್ಚಿ ಹೇಳಿದ್ದು ಇದು: "ಸರಿಯಾಗಿ ಹೇಳ್ತೀನಿ ಅಂತ ಮೊದಲೇ ಹೇಳ್ಬಾರ್ದಿತ್ತಾ? ನೀವು ಸರಿಯಾಗಿ ಹೇಳ್ತೀರಿ ಅಂತ ಯಾರು ಅಂದ್ಕೊಳ್ತಾರೆ?"

ಮಕ್ಕಳೇ, ನಲವತ್ತು ವರ್ಷ ನಾನಾ ಕೆಲಸ ಮಾಡಿದ್ದೇನೆ, ನಾನಾ ಜನರ ಬೈಗುಳ ತಿಂದಿದ್ದೇನೆ. ಇಂಥ ಮಾತು ಕೇಳಿರಲಿಲ್ಲ. ತಪ್ಪು ಹೇಳಿದರೆ ನನ್ನ ತಪ್ಪು. ಸರಿಯಾಗಿ ಹೇಳಿದರೂ ನನ್ನ ತಪ್ಪು! ಸಿಟ್ಟಿನಲ್ಲಿ ನನ್ನ ಹಕಾರವೆಲ್ಲ ಹಾರಿಹೋಯಿತು. "ಏನ್ ಏಳ್ತಿದ್ದೀರಿ ಸಾರ್? ನನ್ ಬಾಯಿ ಅಳ್ಳಿದು, ಔದು! ನಿಮ್ ಕಿವಿಗೇನಾಗಿತ್ತು? ನೀವ್ ಕಲೀರಿ ಅಂದ್ರಿ, ನಾನ್ ಕಲ್ತೆ. ಕಲ್ತಿದ್ ಕೇಳೋಕೆ ಒಬ್ರಿಗೂ ಆಗ್ನಿಲ್ವಾ?" ಎಂದು ಮೇಜು ಗುದ್ದಿದೆ. ಪರದೆಯ ಮೇಲೆ ಮೋರಿಯವರು ಬೆಚ್ಚಿದರು. ಆಗ ವಿದ್ಯಾ ಮೆಲ್ಲಗೆ ಅಂದಳು, "ನಾ ನಿಮ್ಮ ಮಾತ ಕೇಳಲಿಲ್ರಿ ಅಣ್ಣಾರ. ನಿಮ್ಮ ಊರ ಕೇಳಿದೆ." ಇಂಗ್ಲಿಷಿಗೆ ತಿರುಗಿ ಒತ್ತಿದ್ದು ನಾನು, ತಪ್ಪು ನನ್ನದು ಎಂದು ಮೋರಿಯವರಿಗೂ ಹೇಳಿದಳು.

ಅವತ್ತೇ ತಿದ್ದಿದರು. ಇಬ್ಬರ ಹೆಸರನ್ನು ಹಳೆಯ ಪಂದ್ಯಗಳಲ್ಲಿ ಅದಲುಬದಲು ಮಾಡುವುದು ಎಷ್ಟು ಹೊತ್ತಿನ ಕೆಲಸ ಅಂದುಕೊಂಡಿರಿ? ನಾನು ಮಾಡಿಕೊಂಡ ಚಹಾ ಆರುವುದರೊಳಗೆ ಮುಗಿಯಿತು. ಸೆಪ್ಟೆಂಬರಿನಿಂದ ಇಷ್ಟಕ್ಕೆ ಬೇಡಿಕೊಂಡಿದ್ದೆ. ಈಗ ಗೋಡೆಯ ಟಿವಿಯಲ್ಲಿ, ಚೆಂಡು ಕೀಳುವುದರಲ್ಲಿ ಲೀಗಿಗೇ ಮೊದಲು ಎಂದು ಹಮಾನೊನ ಹೆಸರು ಬಂತು. ಪ್ರಕಟಣೆ ಮಾತ್ರ ಬದಲಾಗಲಿಲ್ಲ. ಕ್ಲಬ್ಬು ಅವನ ಜಾಗಕ್ಕೆ ಆಗಲೇ ಬೇರೆಯವನನ್ನು ಗೊತ್ತು ಮಾಡಿಕೊಂಡಿತ್ತು ಎಂದು ಮೋರಿಯವರು ತಿಳಿಸಿದರು. ಕೈಬಿಟ್ಟ ಆಟಗಾರನಿಗೆ ಅವರ ಭಾಷೆಯಲ್ಲಿ ಒಂದು ಮಾತಿದೆಯಂತೆ, ಬಲದ ಲೆಕ್ಕದ ಹೊರಗಿನವನು ಎಂದು ಅದರ ಅರ್ಥವಂತೆ. ಬಲದ ಲೆಕ್ಕ ಬರೆದವರು ನಾವು. ನಮ್ಮ ಕಂಪನಿಯ ರಿನ್ಯೂವಲ್ ಆಯಿತೋ ಎಂದು ಕೇಳುತ್ತೀರಾ? ಆಯಿತು. ಯಾರ ಕೂದಲೂ ಕೊಂಕಲಿಲ್ಲ.

ಈಗ ಕೂಗುವವರಿಲ್ಲ, ಒತ್ತುವವರಿಲ್ಲ. ಕ್ಯಾಮೆರಾವೇ ಆಟಗಾರನನ್ನು ಗುರುತು ಹಿಡಿಯುತ್ತದಂತೆ, ನೀವು ಕೂತು ಅದು ಹೇಳಿದ್ದು ಸರಿಯೋ ನೋಡಬೇಕಂತೆ. ನೋಡಿ. ಆದರೆ ಅದೂ ಒಮ್ಮೆ ಕಂಡವನನ್ನು ಅವನೇ ಎಂದು ಹಟ ಹಿಡಿಯುತ್ತದೆ ಎಂದು ಕೇಳಿದ್ದೇನೆ. ನಿಮ್ಮ ರಘುನಂದನ್ ಯಾರೋ ನನಗೆ ಗೊತ್ತಿಲ್ಲ, ಇದ್ದೇ ಇರುತ್ತಾರೆ.

ಕೊನೆಯ ಪಂದ್ಯ ಅಲ್ಲಿ ಮಧ್ಯಾಹ್ನ ನಡೆದದ್ದರಿಂದ ನಾವು ಬೆಳಗ್ಗೆ ರೆಕಾರ್ಡಿಂಗ್ ನೋಡಿ ಕೆಲಸ ಮಾಡಿದೆವು. ರಾಜೀನಾಮೆ ಕೊಟ್ಟಾಗಿತ್ತು, ಅದೇ ನನ್ನ ಕೊನೆಯ ಶಿಫ್ಟು. ಇನ್ನೇನು ಆಟ ಮುಗಿಯಬೇಕು ಎನ್ನುವಾಗ ಕೋಚು ಹಮಾನೊನನ್ನು ಇಳಿಸಿದ. ಮೈದಾನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡೇ ಓಡಿಬಂದ. ಎದುರಾಳಿಯೊಬ್ಬ ಚೆಂಡು ತಗೊಂಡು ನುಗ್ಗಿದ. ಇವನು ಅಡ್ಡ ಬಂದು, ಕಾಲು ಚಾಚಿ, ಸ್ವಚ್ಛವಾಗಿ ಕಿತ್ತುಕೊಂಡ. ನಾನು ನಂಬರು ಕೂಗಬೇಕಾಗಿತ್ತು. ಬಾಯಲ್ಲಿ ಹೆಸರೇ ಬಂತು.

"ಹಮಾನೊ ಕಿತ್ತ!"

ಪಕ್ಕದಲ್ಲಿ ವಿದ್ಯಾಳ ಬೆರಳು ನಿಂತಿತು. ಆ ಕೆಲಸದಲ್ಲಿ ಯಾರೂ ಮಾಡಬಾರದ್ದನ್ನು ಮಾಡಿದಳು. ಆಟ ಓಡುತ್ತಿರುವಾಗಲೇ ನನ್ನ ಕಡೆ ತಿರುಗಿ ಕೇಳಿದಳು.

"ಹಮಾನೊ ಅಂದ್ರಿ, ಹೌದಲ್ರಿ ಅಣ್ಣಾರ?"

"ಔದು" ಎಂದೆ.

ಅವಳು ಸರಿಯಾದ ಗುಂಡಿ ಒತ್ತಿದಳು. ಅಷ್ಟು ಕೇಳುವುದಕ್ಕೆ ಅವಳಿಗೆ ಒಂದು ಉಸಿರು ಬೇಕಾಯಿತು. ಮೇ ತಿಂಗಳಲ್ಲಿ ಕೇಳಬಹುದಿತ್ತು.